ನಿದ್ದೆಯಲ್ಲಿ ಬಿಚ್ಚುತ್ತಿದ್ದ ಮುಷ್ಟಿ

ನನ್ನ ಬಲಗೈ ಮುಷ್ಟಿ ನಿದ್ದೆಯಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಮೊದಲು ಕಂಡವಳು ಅವ್ವ. ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಎಚ್ಚರವಾದಾಗ ಅವ್ವ ಪಕ್ಕದಲ್ಲೇ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಕಣ್ಣು ಬಿಟ್ಟ ಕೂಡಲೇ ಐದೂ ಬೆರಳು ಮಡಚಿಕೊಂಡು ಮತ್ತೆ ಗಟ್ಟಿಯಾದವು.

"ಈಗ ಬಿಚ್ಚಿತ್ತು," ಅಂದಳು. "ಅಂಗೈ ಪೂರಾ ಕಾಣಸ್ತಿತ್ತು. ಗೆರಿ ಸೈತ ನೋಡಿದೆ."

"ನಂಗೇನ ಗೊತ್ತಿಲ್ಲ."

"ನಿದ್ದಿ ಹತ್ತಿದ್ರ ಬಿಚ್ಚತೈತಿ, ಎಚ್ಚರಾದ್ರ ಮುಚ್ಚತೈತಿ. ಇದೆಂಥಾ ಬ್ಯಾನಿ, ಸುಮಾ?"

ಸೋಗು ಎಂಬ ಮಾತನ್ನು ಅವ್ವ ಆಡಲಿಲ್ಲ. ಆದರೆ ಅಂದಿನಿಂದ ನಾನು ಹಗಲು ಮಲಗುವುದನ್ನು ಬಿಟ್ಟೆ. ಮಲಗಿದರೆ ಯಾರಾದರೂ ಬಂದು ನೋಡುತ್ತಾರೆ, ನೋಡಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ನನ್ನ ಕೈ ನನ್ನ ವಿರುದ್ಧವೇ ಸಾಕ್ಷಿ ಹೇಳತೊಡಗಿತ್ತು.

ತೊಂಬತ್ತರ ದಶಕದ ನಡುವಿನ ಮಾತು ಇದು. ಬೈಲಹೊಂಗಲದಲ್ಲಿ ಅಪ್ಪನ ಬಟ್ಟೆ ಅಂಗಡಿ ಇತ್ತು. ನಾನು ಬಿ.ಕಾಂ. ಮುಗಿಸಿ ಒಂದು ಟೈಪಿಂಗ್ ಕ್ಲಾಸಿನಲ್ಲಿ ಹುಡುಗಿಯರಿಗೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದೆ. ಅಕ್ಕ ಶಾಂತಾಳನ್ನು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಕೊಟ್ಟಿತ್ತು. ಅವಳು ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಭಾನುವಾರ ಮುಂಜಾನೆ ಮೈ ಸೆಟೆದು ಫಿಟ್ಸ್ ಬಂತು. ರಾಮದುರ್ಗದ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡಳು. ಕೂಸೂ ಉಳಿಯಲಿಲ್ಲ.

ಅದೇ ಭಾನುವಾರ ನಮ್ಮ ಮನೆಯಲ್ಲಿ ನನ್ನನ್ನು ನೋಡಲು ವರನ ಕಡೆಯವರು ಬಂದು ಕುಳಿತಿದ್ದರು. ನಾನು ಚಹಾದ ತಾಟು ಹಿಡಿದು ಹೊರಗೆ ಬರುವಾಗಲೇ ಪಕ್ಕದ ಕಬ್ಬಿಣದ ಅಂಗಡಿಯ ದಸ್ತಗೀರ ಚಾಚಾ ಬಾಗಿಲಲ್ಲಿ ನಿಂತಿದ್ದರು. ಆಗ ನಮ್ಮ ಮನೆಗೆ ಫೋನ್ ಇರಲಿಲ್ಲ. ಪರಊರಿನ ಸುದ್ದಿಯೆಲ್ಲ ಚಾಚಾನ ಅಂಗಡಿಯ ಫೋನಿಗೆ ಬಂದು, ಅಲ್ಲಿಂದ ನಮ್ಮ ಮನೆಗೆ ಬರುತ್ತಿತ್ತು.

ಸಾಲಹಳ್ಳಿಯಲ್ಲಿ ಮಣ್ಣು ಮಾಡಿ ಭಾವನ ಮನೆಗೆ ಬಂದ ಮೇಲೆ ಅಪ್ಪ ಅವನನ್ನು ಕೇಳಿದ, "ಆಕಿಗೆ ಆರಾಮ ಇರಲಿಲ್ಲಂದ್ರ ನಮಗ ಯಾಕ ತಿಳಿಸಲಿಲ್ಲ?" ಭಾವ, "ನಾ ಫೋನ್ ಮಾಡಿ ಹೇಳೇನಿ," ಎಂದ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಂಬಲಿಲ್ಲ. "ಹೆಂಡತಿ ಸತ್ತಮ್ಯಾಲ ಎಲ್ಲಾರೂ ಹಿಂಗ ಹೇಳತಾರ," ಎಂದು ಒಬ್ಬಾತ ಕೇಳಿಸುವಂತೆಯೇ ಅಂದ. ನಾನು ಬಾಗಿಲ ಬಳಿ ನಿಂತಿದ್ದೆ. ಏನೂ ಹೇಳಲಿಲ್ಲ.

ಒಂದೂವರೆ ತಿಂಗಳ ಮೇಲೆ, ಕ್ಲಾಸಿನಲ್ಲಿ ಒಬ್ಬ ಹುಡುಗಿಗೆ ಮಷೀನಿನ ರಿಬ್ಬನ್ ಹಾಕಿಕೊಡುತ್ತಿದ್ದಾಗ ಬಲಗೈ ಬೆರಳುಗಳು ಒಳಕ್ಕೆ ಸೇದಿಕೊಂಡವು. ಜೋಮು ಹಿಡಿದಿರಬೇಕು ಎಂದುಕೊಂಡೆ. ಸಂಜೆಯಾದರೂ ಬಿಡಲಿಲ್ಲ. ಎಡಗೈಯಿಂದ ಎಳೆದು ಬಿಡಿಸಲು ಹೋದರೆ ಮೊಣಕೈಯವರೆಗೆ ನೋವು.

ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, "ಏನೂ ಇಲ್ರಿ," ಎಂದರು. ಬೆಳಗಾವಿಯ ನರದ ಡಾಕ್ಟರು ಸೂಜಿಯಿಂದ ಚುಚ್ಚಿ, ಸಣ್ಣ ಸುತ್ತಿಗೆಯಿಂದ ಬಡಿದು, ಅವರೂ ಏನೂ ಇಲ್ಲ ಎಂದರು. ಏನೂ ಇಲ್ಲ ಎಂಬ ಮಾತು ಕೇಳಿದಾಗ ರೋಗಿಗೆ ಸಂತೋಷವಾಗಬೇಕು. ನನಗೆ ಪ್ರತಿ ಸಲವೂ ಒಂದು ಬಾಗಿಲು ಮುಚ್ಚಿದಂತಾಗುತ್ತಿತ್ತು. ಏನೂ ಇಲ್ಲದಿದ್ದರೆ ನಾನು ಸುಳ್ಳಿ.

ಹಾಗೆ ಬಾಯಿಬಿಟ್ಟು ಅಂದವಳು ಗೌರವ್ವ ಅತ್ತಿ, ಅಪ್ಪನ ಅಕ್ಕ. ವರನ ಕಡೆಯವರು ಕೈಯ ಸುದ್ದಿ ಕೇಳಿ ಹಿಂದೆ ಸರಿದ ದಿನ ಆಕೆ ಅಡುಗೆಮನೆಯಲ್ಲಿ ನಿಂತು, "ಈಕಿಗೆ ಲಗ್ನ ಬ್ಯಾಡಾಗಿತ್ತು, ಅದಕ್ಕ ಈ ಆಟ," ಎಂದಳು. ಅತ್ತಿ ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. ಬೆನ್ನ ಹಿಂದೆ ಹಿತ್ತಾಳೆ ತಂಬಿಗೆ ಬೀಳಿಸಿ ಕೈ ಬಿಚ್ಚುತ್ತದೆಯೇ ನೋಡುವಳು. ಮಾತನಾಡುತ್ತ ಆಡುತ್ತ ಒಮ್ಮೆಗೇ ಲಿಂಬೆಹಣ್ಣು ಎಸೆಯುವಳು. ಒಂದು ಹಣ್ಣು ಹಣೆಗೆ ಬಡಿದ ಗುರುತು ವಾರ ಉಳಿಯಿತು. ಆಕೆಯೇ ನನ್ನನ್ನು ಸವದತ್ತಿಯ ದೇವಿಯ ಗುಡ್ಡಕ್ಕೂ ಕರೆದೊಯ್ದಳು. ಅಲ್ಲಿ ಮೈಮೇಲೆ ಬಂದಿದ್ದ ಒಬ್ಬ ಹೆಂಗಸು ನನ್ನ ಮುಷ್ಟಿಯನ್ನು ಮೂಸಿ ನೋಡಿ, "ಇದರಾಗ ನಿಮ್ಮ ಸತ್ತಾಕಿ ಅದಾಳ. ಕೈ ಹಿಡಕೊಂಡ ಕುಂತಾಳ," ಎಂದಳು. ನಮ್ಮ ಮನೆಯ ಸಾವಿನ ಸುದ್ದಿ ಆ ಹೆಂಗಸಿಗೆ ಯಾರು ಹೇಳಿದರು? ಅತ್ತಿಯೇ ಹೇಳಿರಬೇಕು ಎಂದು ನನ್ನ ಗುಮಾನಿ. ಆದರೂ ಗುಡ್ಡ ಇಳಿಯುವಾಗ ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಇಳಿದೆ.

ಊಟ ದೊಡ್ಡ ಪ್ರಶ್ನೆಯಾಯಿತು. ಎಡಗೈಯಲ್ಲಿ ಉಣ್ಣುವುದನ್ನು ಗೌರವ್ವ ಅತ್ತಿ ಸಹಿಸುತ್ತಿರಲಿಲ್ಲ. ಅಪ್ಪ ಒಂದು ದಿನ ಎರಡು ಚಮಚೆ ತಂದ. ಒಂದನ್ನು ನನ್ನ ತಾಟಿನಲ್ಲಿ ಇಟ್ಟು, ಇನ್ನೊಂದನ್ನು ತಾನು ಹಿಡಿದು ನುಚ್ಚು-ಸಾರು ತಿನ್ನಲು ಕುಳಿತ. ಅಭ್ಯಾಸವಿಲ್ಲದ ಕೈ, ಮೀಸೆಯ ಮೇಲೆಲ್ಲ ಸಾರು. ಮೂರು ತಿಂಗಳು ಹಾಗೇ ಉಂಡ. ಆಗ ನನಗೆ, ಅಪ್ಪ ನನ್ನನ್ನು ಅಣಕಿಸುತ್ತಿದ್ದಾನೆಯೇ ಎಂಬ ಅನುಮಾನ ಬಂದಿತ್ತು. ಆ ದಿನಗಳಲ್ಲಿ ನನ್ನ ತಲೆ ಹಾಗೆ ಓಡುತ್ತಿತ್ತು.

ಬೆಳಗಾವಿಯ ಡಾಕ್ಟರೇ ಒಂದು ಚೀಟಿ ಬರೆದುಕೊಟ್ಟಿದ್ದರು. ಕಿತ್ತೂರಿಗೆ ಪ್ರತಿ ಬುಧವಾರ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆ, ಅಲ್ಲಿಗೆ ಹೋಗಿ ಎಂದು. ಆ ಚೀಟಿಯನ್ನು ಅವ್ವ ಎರಡು ವಾರ ಅರಿಶಿನದ ಡಬ್ಬಿಯ ಕೆಳಗೆ ಇಟ್ಟಿದ್ದಳು. ಆಮೇಲೆ ಓಣಿಯವರಿಗೆಲ್ಲ, "ಕಣ್ಣಿನ ಡಾಕ್ಟರ ಕಡೆ ಹೊಂಟೇವಿ," ಎಂದು ಹೇಳಿ ನನ್ನನ್ನು ಬಸ್ಸು ಹತ್ತಿಸಿದಳು.

ಕಿತ್ತೂರಿನ ಆ ದವಾಖಾನೆಯ ಬೆಂಚಿನ ಮೇಲೆ ಕುಳಿತವರೆಲ್ಲ ಗೋಡೆಯ ಕಡೆ ಮುಖ ಮಾಡಿರುತ್ತಿದ್ದರು. ಯಾರಾದರೂ ಗುರುತಿನವರು ಕಂಡಾರು ಎಂಬ ಭಯ. ಎರಡನೆಯ ಬುಧವಾರ ನಮ್ಮ ಎದುರು ಮನೆಯ ನಡುವಯಸ್ಸಿನ ಹೆಂಗಸು ಅಲ್ಲಿಗೇ ಬಂದಳು. ಅವ್ವನೂ ಅವಳೂ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಮಾತನಾಡುವವರು. ಅಲ್ಲಿ ಇಬ್ಬರೂ ಸೆರಗು ಎಳೆದುಕೊಂಡು, ಒಬ್ಬರನ್ನೊಬ್ಬರು ನೋಡಲೇ ಇಲ್ಲವೆಂಬಂತೆ ಒಂದು ತಾಸು ಕುಳಿತರು. ಮರುದಿನ ಅಂಗಳದಲ್ಲಿ ಮತ್ತೆ ಎಂದಿನಂತೆ ಪಲ್ಯದ ಮಾತು. ಆ ಗುಟ್ಟನ್ನು ಇಬ್ಬರೂ ಕೊನೆಯವರೆಗೆ ಕಾಪಾಡಿದರು.

ಡಾಕ್ಟರು ಹೆಚ್ಚು ಮಾತಿನವರಲ್ಲ. ಕೈ ನೋಡಿದರು, ಗುಳಿಗೆ ಬರೆದರು, "ಇವರು ನಾಟಕ ಮಾಡಾಕತ್ತಿಲ್ಲ," ಎಂದು ಅವ್ವನಿಗೆ ಹೇಳಿದರು. ನಂತರ, "ಬಾಜೂ ಖೋಲಿಗೆ ಹೋಗಿ ಮಾಲತಿ ಅಕ್ಕೋರ ಹತ್ರ ಕುಂದ್ರವಾ," ಎಂದರು.

ಮಾಲತಿ ಅಕ್ಕೋರು ಮೊದಲು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಪುಣೆಯ ಕಡೆ ಎಲ್ಲೋ ಇಂಥ ಕೆಲಸದ ತರಬೇತಿ ಪಡೆದು ಬಂದಿದ್ದರು. ಐವತ್ತರ ಹತ್ತಿರದ ವಯಸ್ಸು, ಇಲಕಲ್ ಸೀರೆ, ದಪ್ಪ ಗಾಜಿನ ಕನ್ನಡಕ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಅಕ್ಕ ಎಂದೇ ಶುರುವಾಗುವ ಆ ಶಬ್ದ ನನ್ನ ಬಾಯಿಗೆ ಬರಲಿಲ್ಲ, ಮೇಡಂ ಎಂದೆ. ಖೋಲಿಯಲ್ಲಿ ಒಂದು ಉದ್ದನೆಯ ಮೇಜು, ಮೇಣದ ಬಣ್ಣದ ಕಡ್ಡಿಗಳು ತುಂಬಿದ ಬಿಸ್ಕಿಟ್ ಡಬ್ಬಿ, ಬಿಳಿ ಹಾಳೆ, ಮೂಲೆಯಲ್ಲಿ ಒದ್ದೆ ಗೋಣಿತಟ್ಟು ಹೊದಿಸಿದ ಕುಂಬಾರ ಮಣ್ಣು.

"ಏನರ ಬರಿ," ಎಂದರು.

"ಬಲಗೈ ಇಲ್ರಿ ಮೇಡಂ."

"ಎಡಗೈ ಐತಲ್ಲ. ಚಂದ ಬರಬೇಕಂತೇನಿಲ್ಲ."

ಬುದ್ಧಿ ಸರಿಯಿಲ್ಲದವರನ್ನು ಹೀಗೇ ಪತ್ತೆ ಹಚ್ಚುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಕಪ್ಪು ಬಣ್ಣ ಹಿಡಿದರೆ ಒಂದು ರೋಗ, ಕೆಂಪು ಹಿಡಿದರೆ ಇನ್ನೊಂದು. ಅದಕ್ಕೇ ಹಳದಿ ಕಡ್ಡಿ ಎತ್ತಿಕೊಂಡೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಒಂದು ಮನೆ. ಒಂದನೆಯ ಇಯತ್ತೆಯ ಕೂಸು ಬರೆಯುವ ಚಿತ್ರ. ಅವರು ನೋಡಿ, "ಹೂಂ," ಎಂದು ಫೈಲಿನಲ್ಲಿ ಇಟ್ಟು ಒಂದು ವಹಿಯಲ್ಲಿ ಏನೋ ಬರೆದುಕೊಂಡರು.

ಟೈಪಿಂಗ್ ಕಲಿಸುವವರಿಗೆ ತಲೆಕೆಳಗಾದ ಅಕ್ಷರ ಓದುವ ಅಭ್ಯಾಸ ಇರುತ್ತದೆ. ಎದುರಿಗೆ ಕುಳಿತೇ ಆ ವಹಿಯನ್ನು ಓದಿದೆ. "ಹಳದಿ. ನಗಲಿಲ್ಲ. ಚಹಾ ಪೂರ್ತಿ ಕುಡಿದಳು." ಅಷ್ಟೇ. ಇಷ್ಟೇ ಇರಲು ಸಾಧ್ಯವಿಲ್ಲ, ಇನ್ನೊಂದು ವಹಿ ಇರಬೇಕು, ಅದರಲ್ಲಿ ನಿಜವಾದದ್ದನ್ನು ಬರೆಯುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ನಾಲ್ಕು ಬುಧವಾರ ಗುಡ್ಡ-ಸೂರ್ಯ ಬರೆದೆ. ನಾಲ್ಕೂ ಸಲ ಅವರು ಹೂಂ ಎಂದರು. ನಾನು ಹೊರಬಂದ ಮೇಲೆ ಅವ್ವನನ್ನು ಒಳಗೆ ಕರೆದು ಐದು ನಿಮಿಷ ಮಾತನಾಡುತ್ತಿದ್ದರು. ಆ ಐದು ನಿಮಿಷ ನನ್ನನ್ನು ಸುಡುತ್ತಿತ್ತು. "ಏನಂದ್ರು?" ಎಂದು ಕೇಳಿದರೆ ಅವ್ವ, "ಗುಳಿಗಿ ಬಿಡಬ್ಯಾಡ್ರಿ ಅಂದ್ರು," ಎನ್ನುವಳು.

ಐದನೆಯ ಬುಧವಾರ ಒಂದು ಬಲೆ ಹಾಕಿದೆ. ನಮ್ಮ ಹಿತ್ತಲಿನ ಬಾವಿಯ ಚಿತ್ರ ಬರೆದೆ. ಬಾವಿಯ ಕಟ್ಟೆಯ ಮೇಲೆ ಒಂದು ಹೆಂಗಸು, ಉದ್ದ ಜಡೆ. ಬೇಕೆಂದೇ ಕಪ್ಪು ಕಡ್ಡಿ ಹಿಡಿದೆ. ಈ ಬಾವಿಯ ಸುದ್ದಿ ಅವ್ವನಿಗೆ ಮುಟ್ಟುತ್ತದೆಯೋ ಇಲ್ಲವೋ ನೋಡಬೇಕಿತ್ತು. ಬಾವಿಗೆ ಬೀಳುವ ವಿಚಾರ ನನಗಿತ್ತೇ ಎಂದು ನೀವು ಕೇಳಬಹುದು. ಇರಲಿಲ್ಲ ಎಂದು ಅಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಮಾಲತಿ ಅಕ್ಕೋರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹೂಂ ಎನ್ನಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾವಿಗೆ ತಗಡಿನ ಮುಚ್ಚಳ, ಅದಕ್ಕೊಂದು ಬೀಗ. "ಬೆಕ್ಕಿನ ಮರಿ ಬೀಳ್ತಾವು," ಎಂದಳು ಅವ್ವ. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಮುಂದಿನ ಬುಧವಾರ ಖೋಲಿಗೆ ಹೊಕ್ಕವಳು ಕೂರಲಿಲ್ಲ. "ಮೇಡಂ, ನೀವು ಅವ್ವಗ ಹೇಳೀರಿ," ಎಂದೆ. "ಚಿತ್ರಾ ಬರಿ, ಬರಿ ಅಂತ ಹಚ್ಚಿ, ಹಿಂದಿಂದ ಹೋಗಿ ಚಾಡಿ ಹೇಳತೀರಿ. ನಾ ಮೊದಲ ದಿನಾನ ತಿಳಕೊಂಡಿದ್ದೆ."

ಇಲ್ಲ ಎನ್ನುತ್ತಾರೆ ಎಂದು ಕಾದೆ. ಇಲ್ಲ ಎಂದಿದ್ದರೆ ಎದ್ದು ಹೋಗಲು ಸಿದ್ಧವಾಗಿದ್ದೆ.

"ಹೌದು, ಹೇಳೇನಿ," ಎಂದರು ಅವರು. "ಬಾವಿ ಅಂತ ಹೇಳೇನಿ, ಒಬ್ಬಾಕಿನ್ನ ಬಿಡಬ್ಯಾಡ್ರಿ ಅಂತನೂ ಹೇಳೇನಿ. ಜೀವದ ಮಾತು ಬಂದ್ರ ನಾ ಸುಮ್ಮನ ಇರೂದಿಲ್ಲ. ನಾಳೆ ಮತ್ತ ಬಂದ್ರ ಮತ್ತ ಹೇಳತೇನಿ. ಆದರ ಇದನ್ನ ಮೊದಲನೇ ದಿನಾನ ನಿನಗ ಹೇಳಬೇಕಾಗಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು, ತಂಗಿ."

ಆರು ತಿಂಗಳಲ್ಲಿ ನನ್ನೆದುರು ತಪ್ಪು ಒಪ್ಪಿಕೊಂಡ ಮೊದಲ ಮನುಷ್ಯರು ಅವರು. ಅವರು ನನ್ನ ಫೈಲು ತೆಗೆದು ಮೇಜಿನ ಮೇಲೆ ಇಟ್ಟರು. "ಇದನ್ನ ಇನ್ನ ಮ್ಯಾಲ ನೀನ ಮನಿಗೆ ಒಯ್ಯಿ. ನನ್ನ ವಹಿನೂ ಬೇಕಾದ್ರ ಓದು. ಹೆಂಗೂ ತಲಿಕೆಳಗ ಓದತೀದಿ."

ಅವರಿಗೆ ಮೊದಲಿಂದಲೂ ಗೊತ್ತಿತ್ತು! ನಾನು ನಾಚಿಕೆಯಿಂದ ಕುಳಿತುಬಿಟ್ಟೆ. ಫೈಲು ತೆರೆದು ಒಂದೊಂದೇ ಹಾಳೆ ತಿರುವಿ ಹಿಂಬದಿಯನ್ನೂ ನೋಡಿದೆ. ಎಲ್ಲಿಯೂ ಷರಾ ಇರಲಿಲ್ಲ. ನಾಲ್ಕು ಸೂರ್ಯ, ಒಂದು ಬಾವಿ.

ಆ ದಿನ ಬರೆದದ್ದು ಒಂದು ಫೋನು. ಗೊತ್ತಿಲ್ಲದೆಯೇ ಕೈ ಬರೆಯಿತು ಎಂದರೆ ಸುಳ್ಳಾದೀತು. ಏನು ಬರೆಯುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದಸ್ತಗೀರ ಚಾಚಾನ ಗಲ್ಲೆಯ ಮೇಲಿನ ಕಪ್ಪು ಫೋನು, ಅದರ ಸುರುಳಿ ವಾಯರು, ಪಕ್ಕದಲ್ಲಿ ಮೊಳೆ ತೂಗುವ ತಕ್ಕಡಿ. ಎಡಗೈಯಲ್ಲಿ ಎಲ್ಲ ಸೊಟ್ಟಗೆ ಬಂತು. ಮುಂದಿನ ವಾರವೂ ಅದನ್ನೇ ಬರೆದೆ. ಅದರ ಮುಂದಿನ ವಾರವೂ. ಮೂರನೆಯ ಸಲ ಅಕ್ಕೋರು ಕೇಳಿದರು, "ಇದು ಗಂಟಿ ಬಾರಸಾಕತ್ತೈತೋ, ಸುಮ್ಮನ ಐತೋ?"

"ಸುಮ್ಮನ ಐತ್ರಿ."

"ಯಾವಾಗಿಂದ?"

"ಗುರುವಾರದಿಂದ," ಎಂದೆ. ಆಮೇಲೆ ಎಲ್ಲವೂ ಹೊರಬಿತ್ತು.

ಅಕ್ಕ ಸಾಯುವ ಮೂರು ದಿನ ಮೊದಲು, ಗುರುವಾರ ಸಂಜೆ, ಚಾಚಾ ನನ್ನನ್ನು ಕೂಗಿದ್ದರು. "ಬೇಟಿ, ಸಾಲಹಳ್ಳಿ ಫೋನ್ ಐತಿ, ಲಗೂನ ಬಾ." ಆ ಕಡೆ ಭಾವ. "ನಿಮ್ಮಕ್ಕಗ ತಲಿ ಬಾಳ ನೋಯಾಕತ್ತೈತಿ, ಕಣ್ಣು ಮಂಜ ಅಂತಾಳ. ಅವ್ವನ್ನ ನೆನಸಾಕತ್ತಾಳ. ನಾಳೆ ಬಸ್ಸಿಗೆ ಕಳಿಸು," ಎಂದ. ನಾನು ಹೂಂ ಎಂದೆ. ಹಿಂದೆಯೂ ಅಕ್ಕ ತಲೆನೋವು ಎಂದು ಎರಡು ಸಲ ಅವ್ವನನ್ನು ಕರೆಸಿಕೊಂಡಿದ್ದಳು. ಹೋಗಿ ನೋಡಿದರೆ ಗುಂಡುಗಲ್ಲಿನಂತೆ ಇದ್ದಳು, ಅವ್ವನ ಕೈಯ ಹೋಳಿಗೆ ಮಾಡಿಸಿಕೊಂಡು ತಿಂದು ಕಳಿಸಿದ್ದಳು. ಈಗಲೂ ಸೋಗು ಹಾಕುತ್ತಿದ್ದಾಳೆ ಎಂದುಕೊಂಡೆ. ಭಾನುವಾರ ನನ್ನನ್ನು ನೋಡಲು ಬರುವವರಿದ್ದರು. ಅವ್ವ ಸಾಲಹಳ್ಳಿಗೆ ಹೋಗಿ ಕುಳಿತರೆ ಮನೆಯಲ್ಲಿ ಮಾಡುವವರು ಯಾರು? ಗೌರವ್ವ ಅತ್ತಿಯ ಕೈಗೆ ಎಲ್ಲ ಹೋಗುತ್ತದೆ, ಅವಳು ಕೆಲಸ ಕೆಡಿಸುತ್ತಾಳೆ. ಭಾನುವಾರ ಸಂಜೆ ಅವರು ಎದ್ದು ಹೋದ ಮೇಲೆ ಹೇಳಿದರಾಯಿತು ಎಂದು ನಿಶ್ಚಯ ಮಾಡಿದೆ. ಭಾನುವಾರ ಸಂಜೆ ಬರಲೇ ಇಲ್ಲ.

ನನ್ನ ಅಳು ನಿಂತ ಮೇಲೆ ಅಕ್ಕೋರು ಕುಡಿಯಲು ನೀರು ಕೊಟ್ಟರು. "ಇದನ್ನ ನಿಮ್ಮವ್ವಗ ನಾ ಹೇಳೂದಿಲ್ಲ. ಇದು ನಿಂದು," ಎಂದರು.

ಅಂದು ಕೈ ಬಿಚ್ಚಲಿಲ್ಲ. ಒಳಗಿನದನ್ನು ಹೊರಹಾಕಿದೊಡನೆ ಬೆರಳು ಹೂವಿನಂತೆ ಅರಳುತ್ತವೆ ಎಂದು ನಾನು ಕಾದಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಷ್ಟಿಯನ್ನೇ ನೋಡುತ್ತ ಬಂದೆ, ಕಲ್ಲಿನಂತೆ ಇತ್ತು. ಮೋಸಹೋದೆ ಎನಿಸಿತು. ಆ ಕೈಯಲ್ಲೇ ನಾನು ಅಂದು ಫೋನ್ ಹಿಡಿದಿದ್ದೆನೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ಬಲಗೈಯಲ್ಲೇ ಇರಬೇಕು, ಎಲ್ಲರೂ ಹಾಗೇ ಹಿಡಿಯುತ್ತಾರೆ. ಅದರಲ್ಲಿ ಅರ್ಥ ಹುಡುಕಿದವರು ಹುಡುಕಿಕೊಳ್ಳಲಿ.

ಅಕ್ಕೋರು ಹಾಳೆ ಬದಿಗಿಟ್ಟು ಒದ್ದೆ ಮಣ್ಣು ತಂದರು. ಮುಚ್ಚಿದ ಮುಷ್ಟಿಯಿಂದಲೇ ಅದನ್ನು ನಾದಬೇಕು, ರೊಟ್ಟಿ ಹಿಟ್ಟು ನಾದಿದಂತೆ. ಮಣ್ಣಿನಲ್ಲಿ ನನ್ನ ಮುಷ್ಟಿಯ ಗುರುತು ಮೂಡುತ್ತಿತ್ತು, ನಾಲ್ಕು ತಗ್ಗು, ಪಕ್ಕದಲ್ಲಿ ಹೆಬ್ಬೆರಳು. ಎಷ್ಟೋ ವಾರಗಳ ಮೇಲೆ ಒಂದು ದಿನ ನಾಲ್ಕನೆಯ ತಗ್ಗು ಸ್ವಲ್ಪ ಉದ್ದವಾಗಿತ್ತು. ಕಿರುಬೆರಳು ಒಂದು ಕಾಳಿನಷ್ಟು ಹೊರಗೆ ಚಾಚಿತ್ತು. ಅಕ್ಕೋರು ವಹಿಯಲ್ಲಿ, "ಕಿರುಬೆರಳು," ಎಂದು ಬರೆದುಕೊಂಡರು. ನಾನು ತಲೆಕೆಳಗಾಗಿ ಓದಿದೆ.

ಅಕ್ಕೋರಿಗೆ ಹೇಳಿದ ಮೇಲೆ ಅವ್ವನಿಗೆ ಹೇಳಲು ನನಗೆ ಮತ್ತೆ ಹದಿನೈದು ದಿನ ಹಿಡಿದಿತ್ತು. ಕಿತ್ತೂರಿನಿಂದ ಮರಳುವಾಗ ಬಸ್ಸು ತಪ್ಪಿತ್ತು, ಸ್ಟ್ಯಾಂಡಿನಲ್ಲಿ ಕುಳಿತಿದ್ದೆವು. ಅವ್ವ ಬಟ್ಟೆಯ ಗಂಟಿನಿಂದ ಚುರುಮುರಿ ತೆಗೆದು ನನ್ನ ಎಡಗೈಗೆ ಹಾಕುತ್ತಿದ್ದಳು.

"ಅವ್ವಾ, ಭಾವ ಖರೇ ಹೇಳಿದ್ದ. ಗುರುವಾರ ಫೋನ್ ಮಾಡಿದ್ದ. ನಾನ ತುಗೊಂಡಿದ್ದೆ."

ಅವ್ವನ ಕೈ ನಿಂತಿತು. ಮತ್ತೆ ಗಂಟು ಕಟ್ಟಿದಳು. "ನನಗ ಗೊತ್ತೈತಿ," ಎಂದಳು.

"ಏನು?"

"ಹನ್ನೊಂದನೇ ದಿನಾ ದಸ್ತಗೀರ ಕೇಳಿದ. ಗುರುವಾರ ಸುಮಾನ್ನ ಕರದು ಫೋನ್ ಕೊಟ್ಟಿದ್ನೆಲ್ಲಾ, ನೀವು ಯಾಕ ಹೋಗಲಿಲ್ಲವ್ವಾ, ಅಂತ. ನಾ ಏನೋ ಒಂದ ಹೇಳಿ ಅವನ್ನ ಸುಮ್ಮನ ಮಾಡಿದೆ."

ಆರೇಳು ತಿಂಗಳು! ನಾನು ಮಲಗಿದಾಗ ಪಕ್ಕದಲ್ಲಿ ಕುಳಿತು ಅವ್ವ ಏನನ್ನು ನೋಡುತ್ತಿದ್ದಳು ಎಂಬುದು ಈಗ ತಿಳಿಯಿತು. "ಹಂಗಾರ ಯಾಕ ಕೇಳಲಿಲ್ಲಬೇ?"

"ಒಬ್ಬಾಕಿ ಹೋಗಿದ್ಲು. ಕೇಳಿದ್ರ ನೀನೂ ಹೋಗ್ತಿ ಅಂತ ಅಂಜಿಕಿ ಬಂತು." ರಸ್ತೆಯ ಕಡೆ ನೋಡುತ್ತಲೇ ಹೇಳಿದಳು, "ನೀ ಗುರುವಾರ ಹೇಳಿದ್ರೂ ನಾ ಹೋಗ್ತಿದ್ದದ್ದು ಸೋಮವಾರನ. ಮನಿಗೆ ಬರೂ ಮಂದೀನ ಬಿಟ್ಟು ಹೆಂಗ ಹೋಗಲಿ?"

ಅದು ನಿಜವೋ, ನನ್ನನ್ನು ಉಳಿಸಲು ಕಟ್ಟಿದ ಮಾತೋ ಎಂದು ಮುಖ ನೋಡಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಆದರೆ ಅವ್ವ ಸುಮ್ಮನಿದ್ದದ್ದರಿಂದ ನಾನೊಬ್ಬಳು ಉಳಿದಿರಬಹುದು, ಭಾವ ಮಾತ್ರ ಸುಳ್ಳುಗಾರನಾಗಿ ಉಳಿದಿದ್ದ. ಇದನ್ನು ನಾನು ಹೇಳಿದಾಗ ಅವ್ವ ಅತ್ತಳು, ಮೊದಲ ಸಲ ಗಟ್ಟಿಯಾಗಿ. ಮುಂದಿನ ಸೋಮವಾರ ಅಪ್ಪ, ಅವ್ವ, ನಾನು ರಾಮದುರ್ಗದ ಬಸ್ಸು ಹಿಡಿದು ಸಾಲಹಳ್ಳಿಗೆ ಹೋದೆವು. ಅಪ್ಪನಿಗೆ ಹಿಂದಿನ ದಿನವಷ್ಟೇ ತಿಳಿದಿತ್ತು. ದಾರಿಯಲ್ಲಿ ಆತ ನನ್ನೊಡನೆ ಮಾತನಾಡಲಿಲ್ಲ. ಆದರೆ ನೂಕುನುಗ್ಗಲಿನಲ್ಲಿ ನನ್ನ ಬಲಗೈಗೆ ಯಾರೂ ತಾಗದಂತೆ ಅಡ್ಡ ನಿಂತಿದ್ದ.

ಭಾವ ಅಂಗಳದಲ್ಲಿ ಕುಂಟೆಯ ಹಗ್ಗ ಬಿಗಿಯುತ್ತಿದ್ದ. ನಾನು ನಿಂತೇ ಹೇಳಿದೆ. ಪೂರ್ತಿ ಕೇಳಿದ. ಹಗ್ಗ ಬಿಡಲಿಲ್ಲ.

"ಇದನ್ನ ನನಗ ಯಾಕ ಹೇಳತಿ?" ಎಂದ. "ನನಗ ಗೊತ್ತಿದ್ದದ್ದ ಇದು. ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರ ಮುಂದ ಹೇಳು."

ಅಪ್ಪ ಬೇಡ ಎನ್ನುವಂತೆ ಕೈ ಎತ್ತಿದ. ನಾನು ನಡೆದೆ. ಕಟ್ಟೆಯ ಮೇಲೆ ನಾಲ್ಕೈದು ಜನ ಇದ್ದರು, ಅಂದು ಮಾತು ಆಡಿದ್ದವನೂ ಇದ್ದ. "ನಾ ಶಾಂತಾನ ತಂಗಿ. ನಮ್ಮ ಭಾವ ಫೋನ್ ಮಾಡಿದ್ದು ಖರೆ. ನಾನ ಮನ್ಯಾಗ ಹೇಳಲಿಲ್ಲ," ಎಂದೆ. ಒಬ್ಬ ಮುದುಕ ಕಿವಿಗೆ ಕೈ ಹಚ್ಚಿ, "ಏನಂದಿ?" ಎಂದ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಠಿಣವಾಗಿತ್ತು.

ಭಾವ ನಮ್ಮನ್ನು ಕ್ಷಮಿಸಲಿಲ್ಲ. ಬಸ್ಸಿಗೆ ಬಿಡಲು ಬರಲಿಲ್ಲ. ಅವನ ತಾಯಿ ಮಾತ್ರ ನೀರು, ಬೆಲ್ಲ ತಂದಿಟ್ಟು, "ಕುಡದ ಹೋಗ್ರಿ," ಎಂದಳು. ಹಿಂದೆ ಅಷ್ಟು ಜನರ ನಡುವೆ ಅವನು ನನ್ನ ಹೆಸರು ಯಾಕೆ ಹೇಳಿರಲಿಲ್ಲ ಎಂದು ಇಂದಿಗೂ ಗೊತ್ತಿಲ್ಲ. ಒಂದು ಮಾತು ಹೇಳಿದ್ದರೆ ಅವನು ಪಾರಾಗುತ್ತಿದ್ದ.

ಸಾಲಹಳ್ಳಿಯಿಂದ ಬಂದ ಮೇಲೆ ಒಂದು ತಿಂಗಳು ಕೈಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಗುಳಿಗೆಯಿಂದಲೋ, ಮಣ್ಣಿನಿಂದಲೋ, ಹೇಳಿದ್ದರಿಂದಲೋ, ಬರೀ ದಿನ ಕಳೆದದ್ದರಿಂದಲೋ, ಮುಂದೆ ಒಂದೊಂದೇ ಬೆರಳು ಬಿಟ್ಟುಕೊಟ್ಟಿತು. ಕೊನೆಗೆ ಬಿಚ್ಚಿದ್ದು ತೋರುಬೆರಳು. ಒಂದು ವರ್ಷ ಹಿಡಿಯಿತು. ಬಣ್ಣ ಹಚ್ಚಿದರೆ ಮನಸ್ಸಿನ ನೋವು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಈಗಲೂ ನಾನು ಹುಬ್ಬೇರಿಸುತ್ತೇನೆ. ನಾನು ಕಂಡದ್ದಿಷ್ಟು: ಬಾಯಿಂದ ಹೇಳಲಾರದ್ದನ್ನು ಎದುರಿಗೆ ಹಾಳೆಯ ಮೇಲೆ ಇಡಲು ನನಗೊಂದು ಮೇಜು ಸಿಕ್ಕಿತು, ಆ ಮೇಜಿನಾಚೆ ಅವಸರ ಮಾಡದ ಒಬ್ಬರು ಕುಳಿತಿದ್ದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಏನೂ ಇಲ್ಲದ ರೋಗ ಬಂದಿದ್ದರೆ, ದಯವಿಟ್ಟು ಲಿಂಬೆಹಣ್ಣು ಎಸೆಯಬೇಡಿ.

ಮಾಲತಿ ಅಕ್ಕೋರು ಕೆಲವು ವರ್ಷಗಳಲ್ಲಿ ಕಿತ್ತೂರು ಬಿಟ್ಟು ಮಗಳ ಊರಿಗೆ ಹೋದರು. ಕೊನೆಯ ಬುಧವಾರ ಅವರನ್ನು ಅಕ್ಕೋರ ಎಂದು ಕರೆದೆ. ಅವರು ಗಮನಿಸಿದರೋ ಇಲ್ಲವೋ. ಟೈಪಿಂಗ್ ಕ್ಲಾಸು ಮುಚ್ಚಿ ಊರಿಗೆ ಕಂಪ್ಯೂಟರು ಬಂದವು, ನಾನು ಡಿಟಿಪಿ ಕಲಿತು ಲಗ್ನಪತ್ರಿಕೆಗಳನ್ನು ಮಾಡತೊಡಗಿದೆ. ಒಮ್ಮೆ ಭಾವನ ಎರಡನೆಯ ಮದುವೆಯ ಪತ್ರಿಕೆ ನಮ್ಮ ಮನೆಗೆ ಅಂಚೆಯಲ್ಲಿ ಬಂತು. ಮೇಲೆ ಅಪ್ಪನ ಹೆಸರಿತ್ತು. ಅಪ್ಪ, ಅವ್ವ ಹೋಗಿಬಂದರು. ನಾನು ಮದುವೆಯಾಗಲಿಲ್ಲ. ಅದಕ್ಕೂ ಕೈಗೂ ಗಂಟು ಹಾಕಬೇಡಿ, ಬಂದ ವರಗಳು ನನಗೆ ಸರಿಬರಲಿಲ್ಲ ಅಷ್ಟೇ. ಬೇಸರವಾದ ದಿನಗಳಲ್ಲಿ ಬೆರಳು ಇನ್ನೂ ಬಿಗಿಯುತ್ತವೆ. ಆಗ ಬಿಸಿನೀರಿನಲ್ಲಿ ಇಟ್ಟುಕೊಂಡು ಕುಳಿತಿರುತ್ತೇನೆ.

ಹೊಸ ಶತಮಾನದ ಐದನೆಯದೋ ಆರನೆಯದೋ ವರ್ಷ. ಅಪ್ಪ ತೀರಿಕೊಂಡಿದ್ದ. ಅವ್ವನಿಗೆ ಮೊಣಕಾಲು ನೋವು, ಎದ್ದು ಓಡಾಡುವುದು ಕಡಿಮೆಯಾಗಿತ್ತು. ಒಂದು ಮುಂಜಾನೆ ಪಡಸಾಲೆಯ ಬಿಸಿಲಿನಲ್ಲಿ ಕುಳಿತು ಮೊರದಲ್ಲಿ ಗೋಧಿ ಹಸನು ಮಾಡುತ್ತಿದ್ದಳು. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಅಂದು ಕೇಳಿಬಿಟ್ಟೆ.

"ಅವ್ವಾ, ಖರೇ ಹೇಳು. ನಾ ಗುರುವಾರನ ಹೇಳಿದ್ರ ನೀ ಸೋಮವಾರದತನಕ ನಿಂದರ್ತಿದ್ದೇನು?"

ಅವ್ವ ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಒಗೆದಳು. "ನಿನಗ ಇನ್ನೂ ಸಂಶೇ ಹೋಗಿಲ್ಲೇನು?"

"ಇಲ್ಲ."

"ನನಗೂ ಹೋಗಿಲ್ಲ," ಎಂದಳು. ಎಂದು, ಮೊರವನ್ನು ಇಬ್ಬರ ನಡುವೆ ಬರುವಂತೆ ನನ್ನ ಕಡೆ ಸರಿಸಿದಳು.